ಕರಿಬಾವಿಯ ಸುತ್ತ ಒಂದು ಓಟ



ಶಿಕ್ಷಕನಾದವನು ತನ್ನ ತಪ್ಪುಗಳ ಲೆಕ್ಕವನ್ನು ಸಾಮಾನ್ಯವಾಗಿ ಇಡುವುದಿಲ್ಲ. ಮಕ್ಕಳ ತಪ್ಪುಗಳನ್ನು ಎಣಿಸುವುದರಲ್ಲಿಯೇ ಆಯುಷ್ಯದ ಹೆಚ್ಚಿನ ಭಾಗ ಕಳೆದುಹೋಗಿರುತ್ತದೆ. ಮೂವತ್ತಾರು ವರ್ಷಗಳ ಸೇವೆಯಲ್ಲಿ ನಾನೆಳೆದ ಕೆಂಪು ಗೆರೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಗೆರೆ ಮಾತ್ರ ಈಚೆಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಅದರ ಕುರಿತು ಇಂದು ಬರೆಯುತ್ತಿದ್ದೇನೆ.

ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಒಂದು ಸಂಜೆ ನನ್ನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ‘ಇಂಟರ್‌ಸ್ಟೆಲ್ಲರ್’ ಎಂಬ ಇಂಗ್ಲಿಷ್ ಚಲನಚಿತ್ರವನ್ನು ತೋರಿಸಿದ. 2014ರಲ್ಲಿ ತೆರೆಕಂಡ ಚಿತ್ರವದು. ಅದರಲ್ಲಿ ಒಂದು ಬೃಹತ್ ಕಪ್ಪುಕುಳಿ. ಅದರ ಸಮೀಪದ ಗ್ರಹವೊಂದರಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆದಿರುತ್ತದೆ. ಕೊನೆಗೆ ನೌಕೆಯು ಆ ಕುಳಿಯ ಅಂಚಿಗೇ ಧುಮುಕಿ, ಅದರ ಸೆಳೆತವನ್ನೇ ಕವಣೆಯಾಗಿ ಬಳಸಿ ಹೊರಕ್ಕೆ ಚಿಮ್ಮುತ್ತದೆ. ಚಿತ್ರ ಮುಗಿದ ಮೇಲೆ ಮೊಮ್ಮಗ ಕೇಳಿದ: “ಅಜ್ಜಾ, ಮುಂದೊಂದು ದಿನ ಜನ ಇದನ್ನ ಆಟ ಅಂತ ಆಡ್ತಾರೇನು? ಒಲಿಂಪಿಕ್ಸ್ ಇದ್ದಂಗ, ಯಾರು ಹತ್ತಿರ ಹೋಗಿ ತಿರುಗಿ ಬರ್ತಾರೋ ಅವರು ಗೆದ್ದಂಗ?”

ನಾನು ಉತ್ತರಿಸಲಿಲ್ಲ. ಇದೇ ಮಾತನ್ನು ಇನ್ನೊಬ್ಬ ಹುಡುಗ ಬಹಳ ವರ್ಷಗಳ ಹಿಂದೆ ಬರೆದು ನನ್ನ ಕೈಗೆ ಕೊಟ್ಟಿದ್ದ. ನಾನು ಅದಕ್ಕೆ ಹತ್ತರಲ್ಲಿ ಮೂರು ಅಂಕ ಕೊಟ್ಟಿದ್ದೆ.

ಅದು 1997ರ ಫೆಬ್ರುವರಿ. ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ ಶಾಲೆಯ ವಿಜ್ಞಾನ ಸಂಘದಿಂದ ಕಥಾಸ್ಪರ್ಧೆ ಏರ್ಪಡಿಸಿದ್ದೆವು. ಬಹುಮಾನಿತ ಕಥೆಯನ್ನು ಗೋಡೆಪತ್ರಿಕೆಯಲ್ಲಿ ಅಂಟಿಸುವುದೆಂದು ನಿರ್ಧಾರವಾಗಿತ್ತು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆಯುತ್ತಿದ್ದ ಕಾಲವದು. ನಮ್ಮ ಮಕ್ಕಳೂ ಬರೆಯಲಿ ಎಂಬ ಆಸೆ ನನ್ನದು. ಬಂದವುಗಳಲ್ಲಿ ಹೆಚ್ಚಿನವು ಮಾತನಾಡುವ ಯಂತ್ರಗಳ ಕಥೆಗಳು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಾತ್ರ ಬೇರೆಯೇ ಬರೆದಿದ್ದ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಕೂಡುತ್ತಿದ್ದ ಎಂದರೆ ಅವನ ಜೊತೆಗಾರರಿಗೆ ಸಾಕು.

ಕಥೆಯ ಹೆಸರು ‘ಕರಿಬಾವಿ’. ಹುಬ್ಬಳ್ಳಿಯ ಮಲ್ಲನೆಂಬವನು ಜಾತ್ರೆಗಳಲ್ಲಿ ‘ಮೌತ್ ಕಾ ಕುವಾ’ದ ಹಲಗೆಯ ಗೋಡೆಯ ಮೇಲೆ ಮೋಟರ್‌ಸೈಕಲ್ ಓಡಿಸುವ ಸಾಹಸಿ. ಆಕಾಶದಲ್ಲೊಂದು ಕರಿಬಾವಿ ಇದೆ, ಅದರ ಸುತ್ತ ನೌಕೆಗಳ ಪಂದ್ಯ ನಡೆಯುತ್ತದೆ ಎಂದು ಕೇಳಿ ಹೊರಡುತ್ತಾನೆ. ಗಂಡನ ಮನೆಯಲ್ಲಿರುವ ತಂಗಿ ಗಂಗವ್ವನಿಗೆ, ಪಂಚಮಿಗೆ ಬಂದು ತವರಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಬಾವಿಯ ಬಾಯಿಗೆ ಎಲ್ಲರಿಗಿಂತ ಸಮೀಪ ಹೋಗಿ, ಒಂದು ದಿನವಿಡೀ ಸುತ್ತಿ, ಪಂದ್ಯವನ್ನು ಗೆದ್ದು ತಂಗಿಯ ಊರಿಗೆ ಬರುತ್ತಾನೆ. ಹೊಸ್ತಿಲ ಬಳಿ ಒಬ್ಬ ಮುದುಕಿ ಚೀಲ ಕಟ್ಟಿಟ್ಟುಕೊಂಡು ಕುಳಿತಿರುತ್ತಾಳೆ. ಅವನು ಆಕೆಯನ್ನು, “ಅವ್ವಾ, ನೀ ಇಲ್ಲಿ ಯಾವಾಗ ಬಂದಿ? ಗಂಗಿ ಎಲ್ಲಿ?” ಎಂದು ಕೇಳುತ್ತಾನೆ. ಆಕೆಯೇ ಗಂಗವ್ವ. ಬಾವಿಯ ಅಂಚಿನಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಊರಿನಲ್ಲಿ ನಲವತ್ತು ವರ್ಷ ಕಳೆದಿತ್ತು. ಅಲ್ಲಿಗೆ ಕಥೆ ಮುಗಿದಿತ್ತು.

ನಾನು ಮೂರು ಕಡೆ ಕೆಂಪು ಶಾಯಿಯಲ್ಲಿ ಬರೆದೆ. ಮೊದಲನೆಯದು: ‘ಕಪ್ಪುಕುಳಿ ಬಕಾಸುರನಿದ್ದಂತೆ, ಸಮೀಪ ಹೋದದ್ದೆಲ್ಲವನ್ನೂ ನುಂಗುತ್ತದೆ, ಸುತ್ತುವುದು ಅಸಾಧ್ಯ.’ ಎರಡನೆಯದು: ‘ಕಾಲ ಎಲ್ಲರಿಗೂ ಒಂದೇ.’ ಮೂರನೆಯದು: ‘ವಿಜ್ಞಾನ ಕಥೆಗೂ ಪಂಚಮಿ ಹಬ್ಬಕ್ಕೂ ಸಂಬಂಧವೇನು?’

ಹುಡುಗ ಹಾಳೆಯನ್ನು ಹಿಡಿದು ಬಂದ. “ಸರ್, ಅದು ನುಂಗೂದಿಲ್ರೀ. ಜೋರಾಗಿ ಸುತ್ತಿದ್ರ ಬೀಳೂದಿಲ್ರೀ. ಮೌತ್ ಕಾ ಕುವಾದಾಗ ಆ ಮನಷ್ಯಾ ಬೀಳ್ತಾನೇನ್ರೀ?” ಎಂದ.

“ಜಾತ್ರ್ಯಾಗಿನ ಬಾವಿ ಬ್ಯಾರೆ, ಆಕಾಶದಾಗಿನ ಕುಳಿ ಬ್ಯಾರೆ. ಹೋಗು, ಕೂಡ್ರು,” ಎಂದೆ. ತರಗತಿ ನಕ್ಕಿತು. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡ. ಮುಂದಿನ ವರ್ಷದ ಸ್ಪರ್ಧೆಗೆ ಅವನು ಬರೆಯಲಿಲ್ಲ.

ನನ್ನ ಮೊದಲ ತಪ್ಪು ನನಗೆ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು. 2016ರ ಫೆಬ್ರುವರಿ 11ರಂದು ಅಮೆರಿಕದ ಲೈಗೋ ಸಂಸ್ಥೆಯವರು ಗುರುತ್ವದ ಅಲೆಗಳನ್ನು ಪತ್ತೆಹಚ್ಚಿದ ಸುದ್ದಿಯನ್ನು ಪ್ರಕಟಿಸಿದರು. ನೂರಮೂವತ್ತು ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಗುವ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಸುತ್ತುತ್ತ ಕೂಡಿಕೊಂಡಿದ್ದವು. ಆ ಕಂಪನವು 2015ರ ಸೆಪ್ಟೆಂಬರ್ 14ರಂದು ಭೂಮಿಯನ್ನು ಮುಟ್ಟಿತ್ತು. ಆ ವರದಿಗಳಲ್ಲಿ ನಮ್ಮವರೊಬ್ಬರ ಹೆಸರಿತ್ತು: ಸಿ.ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಕನ್ನಡದ ಹಿರಿಯ ಲೇಖಕರಾದ ಸಿ.ಕೆ. ವೆಂಕಟರಾಮಯ್ಯನವರ ಪುತ್ರರು, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ಕಪ್ಪುಕುಳಿಯೊಂದರ ಮೇಲೆ ಅಲೆಯನ್ನು ಎರಚಿದರೆ ಏನಾದೀತು ಎಂದು ಅವರು ಗಣಿತದಿಂದ ವಿಚಾರಿಸಿ, ಅದು ಗಂಟೆಯಂತೆ ಮಿಡಿದು ಬೇಗನೆ ಸ್ತಬ್ಧವಾಗುತ್ತದೆಂದು 1970ರಲ್ಲಿಯೇ ತೋರಿಸಿಕೊಟ್ಟಿದ್ದರು. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಹೆಣ್ಣುಮಕ್ಕಳು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಗಡಿಗೆ ಗಟ್ಟಿಯೋ ಬಿರುಕೋ ಎಂದು ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ. ತಟ್ಟಿದಾಗ ಬರುವ ನಾದದಿಂದ ಕಪ್ಪುಕುಳಿಯ ತೂಕವನ್ನು ತಿಳಿಯಬಹುದು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ತಾವು ಗಣಿತದಲ್ಲಿ ಕೇಳಿದ ನಾದವನ್ನು ಜಗತ್ತು ಯಂತ್ರದಲ್ಲಿ ಕೇಳಿದ ಸುದ್ದಿ ಅವರ ಜೀವಿತಕಾಲದಲ್ಲಿಯೇ ಬಂದಿತ್ತು ಎಂಬುದೊಂದು ಸಮಾಧಾನ.

ವಿಶ್ವೇಶ್ವರರು ವಿನೋದಪ್ರಿಯರು, ಕಪ್ಪುಕುಳಿಗಳ ಬಗ್ಗೆ ವ್ಯಂಗ್ಯಚಿತ್ರಗಳನ್ನೂ ಬರೆದವರು. ಅವರ ಕುರಿತು ಓದುತ್ತ ಓದುತ್ತ ನಾನು ವಿಷಯದ ಬುಡಕ್ಕೆ ಹೋದೆ. ಅಲ್ಲಿ ನನ್ನ ಬಕಾಸುರ ಇರಲಿಲ್ಲ.

ಸತ್ಯವಿಷ್ಟು. ಈಗಿಂದೀಗಲೇ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನು ಇಟ್ಟರೆ ಭೂಮಿ ಅದರೊಳಗೆ ಬೀಳುವುದಿಲ್ಲ. ಇಂದು ಸುತ್ತುತ್ತಿರುವ ದಾರಿಯಲ್ಲಿಯೇ, ಇದೇ 365 ದಿನಗಳಲ್ಲಿ ಸುತ್ತುತ್ತಿರುತ್ತದೆ. ಕತ್ತಲೆ ಮತ್ತು ಚಳಿ ಮಾತ್ರ ನಮ್ಮ ಪಾಲಿಗೆ. ಸೂರ್ಯನ ತೂಕದ ಕಪ್ಪುಕುಳಿಯ ‘ಘಟನಾ ದಿಗಂತ’ದ, ಅಂದರೆ ದಾಟಿದ ಮೇಲೆ ಬೆಳಕೂ ಮರಳಲಾರದ ಗಡಿಯ, ತ್ರಿಜ್ಯ ಕೇವಲ 3 ಕಿಲೋಮೀಟರು. ಅಷ್ಟು ಪುಟ್ಟದು ಅಷ್ಟು ದೂರದಿಂದ ಯಾರನ್ನೂ ಹೀರುವುದಿಲ್ಲ. ಬಹಳ ಸಮೀಪ ಹೋದಾಗ ಮಾತ್ರ ಆಟದ ನಿಯಮಗಳು ಬದಲಾಗುತ್ತವೆ.

ಹುಡುಗನ ಪಂದ್ಯ ನಡೆಯಬಹುದಾದ ಜಾಗವೂ ಇದೆ. ನಮ್ಮ ಆಕಾಶಗಂಗೆಯ ನಟ್ಟನಡುವೆ, ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ 43 ಲಕ್ಷ ಪಟ್ಟು ತೂಗುವ ಕಪ್ಪುಕುಳಿಯೊಂದಿದೆ. ಅದರ ನೆರಳಿನ ಚಿತ್ರವನ್ನು 2022ರ ಮೇ 12ರಂದು ಜಗತ್ತು ಕಂಡಿತು. ಅದರ ಸುತ್ತ ‘ಎಸ್2’ ಎಂದು ಖಗೋಳಜ್ಞರು ಕರೆಯುವ ನಕ್ಷತ್ರವೊಂದು ಈಗಾಗಲೇ ಓಡುತ್ತಿದೆ. ಒಂದು ಮಗು ಹುಟ್ಟಿ ಎಸ್‌ಎಸ್‌ಎಲ್‌ಸಿ ಮುಗಿಸುವಷ್ಟರಲ್ಲಿ, ಅಂದರೆ ಸುಮಾರು 16 ವರ್ಷಗಳಲ್ಲಿ, ಅದರ ಒಂದು ಸುತ್ತು. 2018ರ ಮೇ ತಿಂಗಳಲ್ಲಿ ಅದು ಕುಳಿಗೆ ಅತಿ ಸಮೀಪ ಬಂದಾಗ ಸೆಕೆಂಡಿಗೆ 7,600 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಧಾವಿಸಿ, ಸುತ್ತು ಹಾಕಿ, ಕ್ಷೇಮವಾಗಿ ಹೊರಬಂತು. ಇಂಥ ನಕ್ಷತ್ರಗಳ ಬೆನ್ನುಹತ್ತಿ ದಶಕಗಳ ಕಾಲ ನೋಡಿದ ಗೆಂಜೆಲ್ ಮತ್ತು ಆಂಡ್ರಿಯಾ ಗೇಜ್ ಅವರಿಗೆ, ಗಣಿತಜ್ಞ ಪೆನ್‌ರೋಸ್ ಅವರೊಂದಿಗೆ, 2020ರ ನೊಬೆಲ್ ಪ್ರಶಸ್ತಿ ಬಂತು. ಸುತ್ತುವುದು ಅಸಾಧ್ಯವೆಂದು ನಾನು ಬರೆದ ದಿನವೂ ಆ ನಕ್ಷತ್ರ ಸುತ್ತುತ್ತಲೇ ಇತ್ತು.

ದೊಡ್ಡ ಕುಳಿಯನ್ನೇ ಏಕೆ ಆರಿಸಬೇಕು? ಸಣ್ಣ ಕುಳಿ ಕ್ರೂರವಾದದ್ದು. ಸೂರ್ಯನ ಹತ್ತು ಪಟ್ಟು ತೂಗುವ ಕುಳಿಯ ದಿಗಂತದ ಬಳಿ ಆಟಗಾರನ ಕಾಲಿನ ಮೇಲಿನ ಸೆಳೆತಕ್ಕೂ ತಲೆಯ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸ ಭೂಮಿಯ ಗುರುತ್ವದ ಎರಡು ಕೋಟಿ ಪಟ್ಟಿನಷ್ಟಾಗುತ್ತದೆ. ಮನುಷ್ಯ ಶಾವಿಗೆಯಂತೆ ಎಳೆದುಹೋಗುತ್ತಾನೆ. ಆಕಾಶಗಂಗೆಯ ನಡುವಿನ ಕುಳಿಯಲ್ಲಿ ಇದೇ ವ್ಯತ್ಯಾಸ ಭೂಗುರುತ್ವದ ಹತ್ತು ಸಾವಿರದಲ್ಲೊಂದು ಪಾಲು, ಅರಿವಿಗೂ ಬರುವುದಿಲ್ಲ. ಕುಳಿ ದೊಡ್ಡದಾದಷ್ಟೂ ಅದರ ಅಂಚು ಮೆತ್ತಗಾಗುತ್ತದೆ ಎಂಬುದು ಕೇಳಲು ವಿಚಿತ್ರ, ಆದರೆ ಲೆಕ್ಕ ಹಾಗಿದೆ. ಅಮೆರಿಕದ ಲ್ಯಾರಿ ನಿವೆನ್ ಎಂಬ ಲೇಖಕರು 1966ರಷ್ಟು ಹಿಂದೆಯೇ ‘ನ್ಯೂಟ್ರಾನ್ ಸ್ಟಾರ್’ ಎಂಬ ಕಥೆಯನ್ನು ಈ ಎಳೆತದ ಮೇಲೆಯೇ ಕಟ್ಟಿದ್ದರು.

ಇನ್ನು ಪಂದ್ಯದ ನಿಯಮ. ಕುಳಿ ತನ್ನ ಸುತ್ತ ತಾನು ತಿರುಗುತ್ತಿಲ್ಲವೆಂದು ಹಿಡಿಯೋಣ, ಲೆಕ್ಕ ಸುಲಭವಾಗುತ್ತದೆ. ದೂರದಿಂದ ನಿಧಾನವಾಗಿ ಹೊರಟು, ಎಂಜಿನ್ನನ್ನು ಆರಿಸಿ, ಕುಳಿಯ ಕಡೆಗೆ ಬೀಳುವ ನೌಕೆಗೆ ಒಂದು ಲಕ್ಷ್ಮಣರೇಖೆಯುಂಟು: ದಿಗಂತದ ತ್ರಿಜ್ಯದ ಎರಡು ಪಟ್ಟು ದೂರ. ಅದರ ಹೊರಗೇ ತಿರುವು ತೆಗೆದುಕೊಂಡವನು ಹಿಂದಿರುಗುತ್ತಾನೆ. ಕೂದಲೆಳೆಯಷ್ಟು ಒಳಗೆ ಹೋದವನು ಹಿಂದಿರುಗುವುದಿಲ್ಲ. ಆ ರೇಖೆಗೆ ಎಷ್ಟು ಸಮೀಪ ಹೋದರೆ ಅಷ್ಟು ಹೆಚ್ಚು ಸುತ್ತುಗಳನ್ನು ಹಾಕಿ ನೌಕೆ ಹೊರಬೀಳುತ್ತದೆ. ಎಂದರೆ ಸುತ್ತುಗಳ ಸಂಖ್ಯೆಯೇ ಆಟಗಾರನ ಅಂಕ. ಹೆಚ್ಚು ಅಂಕಕ್ಕೆ ಆಸೆಪಟ್ಟವನಿಗೆ ಸಾವು ಹೆಚ್ಚು ಹತ್ತಿರ. ಆಕಾಶಗಂಗೆಯ ನಡುವಿನ ಕುಳಿಯಲ್ಲಿ ಆ ರೇಖೆಯ ಮೇಲಿನ ಒಂದು ಸುತ್ತಿನ ಅಳತೆ ಸುಮಾರು 16 ಕೋಟಿ ಕಿಲೋಮೀಟರು, ಭೂಮಿಯಿಂದ ಸೂರ್ಯನಿಗಿರುವ ದೂರಕ್ಕಿಂತ ತುಸು ಹೆಚ್ಚು. ಅದಕ್ಕೆ ಹಿಡಿಯುವ ಸಮಯ, ದೂರದಲ್ಲಿ ಕುಳಿತ ಪ್ರೇಕ್ಷಕನ ಗಡಿಯಾರದಲ್ಲಿ, ಸುಮಾರು 18 ನಿಮಿಷ.

ಮೌತ್ ಕಾ ಕುವಾವನ್ನು ಕಂಡವರಿಗೆ ಇದರ ರುಚಿ ತಿಳಿದೀತು. ಸಿದ್ಧಾರೂಢರ ಜಾತ್ರೆಯಲ್ಲಿ, ಹಲಗೆಗಳು ನಡುಗುವ ಆ ಬಾವಿಯ ಅಂಚಿಗೆ ನಿಂತು ನಾನೂ ಇಣುಕಿದ್ದೇನೆ. ಸವಾರ ಮೇಲಕ್ಕೆ ಬಂದು, ಯಾರೋ ಚಾಚಿದ ನೋಟನ್ನು ಕಸಿದುಕೊಂಡು, ಮತ್ತೆ ಕೆಳಗಿಳಿಯುತ್ತಾನೆ. ಅಲ್ಲಿ ಅವನನ್ನು ಒಳಮುಖವಾಗಿ ತಳ್ಳಿ ಸುತ್ತಿಸುವುದು ಗೋಡೆ, ಇಲ್ಲಿ ಗುರುತ್ವ. ಎರಡೂ ಕಡೆ ಕಾಯುವುದು ವೇಗ ಮಾತ್ರ. ಹುಡುಗ ಹೇಳಿದ್ದರಲ್ಲಿ ಹುಸಿ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಚಲನಚಿತ್ರಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ಕುಳಿ ತಾನಾಗಿ ಯಾರಿಗೂ ಹೆಚ್ಚುವರಿ ವೇಗವನ್ನು ದಾನ ಮಾಡುವುದಿಲ್ಲ. ಇಳಿಯುವಾಗ ಗಳಿಸಿದ್ದನ್ನು ಏರುವಾಗ ಮರಳಿ ಕೊಡಲೇಬೇಕು. ಲಾಭ ಬೇಕೆಂದರೆ ಮೂರು ಉಪಾಯಗಳು. ಒಂದನ್ನೊಂದು ಸುತ್ತುವ ಜೋಡಿ ತಾರೆಗಳ ನಡುವೆ ನುಸುಳಿ ಅವುಗಳ ಓಟದಿಂದ ಪಾಲು ಪಡೆಯುವುದು ಒಂದು. ಇದನ್ನು ಫ್ರೀಮನ್ ಡೈಸನ್ 1963ರಲ್ಲಿ ಸೂಚಿಸಿದರು. ತನ್ನ ಸುತ್ತ ತಿರುಗುವ ಕಪ್ಪುಕುಳಿಯ ಬಳಿ ಹೊರೆಯ ಒಂದು ಭಾಗವನ್ನು ಒಳಕ್ಕೆಸೆದು ಉಳಿದ ಭಾಗ ಹೊರಕ್ಕೆ ಚಿಮ್ಮುವಂತೆ ಮಾಡುವುದು ಎರಡನೆಯದು. ಇದು 1969ರಲ್ಲಿ ಪೆನ್‌ರೋಸ್ ಕಂಡುಕೊಂಡದ್ದು. ಮೂರನೆಯದು ಎಲ್ಲಕ್ಕಿಂತ ಸರಳ: ಅತ್ಯಂತ ತಳದಲ್ಲಿ, ಅತ್ಯಂತ ವೇಗದಲ್ಲಿರುವ ಕ್ಷಣದಲ್ಲಿ ಎಂಜಿನ್ನನ್ನು ಉರಿಸುವುದು. ಅಷ್ಟೇ ಇಂಧನ, ಆದರೆ ಆ ಕ್ಷಣದಲ್ಲಿ ಉರಿಸಿದರೆ ಸಿಗುವ ಶಕ್ತಿ ಬಹಳ ಹೆಚ್ಚು.

ಈ ಮೂರನೆಯ ಉಪಾಯವನ್ನು ನನಗೆ ಮೊದಲು ಕಲಿಸಿದವಳು ನನ್ನ ಅಕ್ಕ.

ನಮ್ಮ ಊರಿನಲ್ಲಿ ಪಂಚಮಿಗೆ ಅಗಸಿಯ ಹೊರಗಿನ ಹುಣಸೆಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಿಂತು ಜೀಕುವುದರಲ್ಲಿ ಊರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಂಟು ವರ್ಷದ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, “ತಮ್ಮಾ, ಮ್ಯಾಲ ಹೋದಾಗ ಕುಕ್ಕರಗಾಲಿಲೆ ಕೂಡು, ಕೆಳಗ ಬಂದಾಗ ನೆಟ್ಟಗ ಏಳು. ಮ್ಯಾಲ ಎದ್ರ ಏನೂ ಉಪಯೋಗಿಲ್ಲ,” ಎನ್ನುತ್ತಿದ್ದಳು. ತಳದಲ್ಲಿ, ವೇಗ ಅತಿ ಹೆಚ್ಚಿರುವಾಗ, ಭಾರವೂ ಅತಿ ಹೆಚ್ಚೆನಿಸುವಾಗ, ಮೊಣಕಾಲು ಊರಿ ಏಳಬೇಕು; ಆ ಶ್ರಮವೆಲ್ಲ ಜೋಕಾಲಿಗೆ ಜಮೆಯಾಗುತ್ತದೆ. ರಾಕೆಟ್ಟಿನ ಗಣಿತ ಮತ್ತು ಜೋಕಾಲಿಯ ಗಣಿತ ಅಕ್ಷರಶಃ ಒಂದೇ ಅಲ್ಲ, ಆದರೆ ಶ್ರಮವನ್ನು ತಳದಲ್ಲಿ ಹಾಕಬೇಕೆಂಬ ಬುದ್ಧಿ ಒಂದೇ. 2013ರ ನವೆಂಬರ್ 5ರಂದು ಹಾರಿದ ನಮ್ಮ ಮಂಗಳಯಾನ ಮಾಡಿದ್ದೂ ಇದನ್ನೇ. ಅದನ್ನು ಒಂದೇ ಏಟಿಗೆ ಮಂಗಳಕ್ಕೆಸೆಯುವ ಬಲ ಆ ರಾಕೆಟ್ಟಿಗಿರಲಿಲ್ಲ. ಅದಕ್ಕೇ ನೌಕೆ ಭೂಮಿಯನ್ನು ಉದ್ದುದ್ದ ಸುತ್ತುಗಳಲ್ಲಿ ಸುತ್ತುತ್ತ, ಭೂಮಿಗೆ ಸಮೀಪ ಬಂದಾಗ ಎಂಜಿನ್ ಉರಿಸುತ್ತ, ಪ್ರತಿ ಬಾರಿಯೂ ಹೆಚ್ಚು ಎತ್ತರಕ್ಕೆ ಹೋಯಿತು. ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಕೊನೆಯ ಜೀಕು ಜೀಕಿ ಭೂಮಿಯ ಹಂಗನ್ನು ತೊರೆಯಿತು. ಮರುದಿನ ತರಗತಿಯಲ್ಲಿ ಅದನ್ನು ವಿವರಿಸುವಾಗ ನಾನು ಹೇಳಿದ್ದು ಜೋಕಾಲಿಯ ಉದಾಹರಣೆಯನ್ನೇ. ಅಲ್ಲಿಗೆ ನನ್ನ ಮೂರನೆಯ ಕೆಂಪು ಗೆರೆ, ಪಂಚಮಿಗೂ ವಿಜ್ಞಾನಕ್ಕೂ ಸಂಬಂಧವೇನೆಂಬುದು, ನನ್ನ ಬಾಯಿಂದಲೇ ಅರ್ಧ ಅಳಿಸಿಹೋಗಿತ್ತು. ಆ ದಿನ ನನಗೆ ಅದು ಹೊಳೆಯಲಿಲ್ಲ.

ಆಟವೆಂಬುದು ಮನುಷ್ಯನ ಬೆನ್ನು ಬಿಡುವುದಿಲ್ಲ. 1971ರ ಫೆಬ್ರುವರಿಯಲ್ಲಿ ಚಂದ್ರನ ಮೇಲಿಳಿದ ಅಲನ್ ಶೆಪರ್ಡ್ ಅಲ್ಲಿ ಗಾಲ್ಫ್ ಚೆಂಡನ್ನು ಹೊಡೆದರು. ಆರ್ಥರ್ ಕ್ಲಾರ್ಕ್ 1964ರಲ್ಲಿ ಬರೆದ ಕಥೆಯೊಂದರಲ್ಲಿ ಸೂರ್ಯನ ಬೆಳಕಿನ ಒತ್ತಡದಿಂದಲೇ ಸಾಗುವ ಹಾಯಿನೌಕೆಗಳ ಪಂದ್ಯವಿದೆ. ಅದು ಮೊದಲು ಅಚ್ಚಾದದ್ದು ಅಮೆರಿಕದ ಬಾಲಕರ ಪತ್ರಿಕೆಯಲ್ಲಿ ಎಂಬುದನ್ನು ತಿಳಿದಾಗ ನನ್ನ ಗೋಡೆಪತ್ರಿಕೆ ನೆನಪಾಗಿ ನಾಚಿಕೆಯಾಯಿತು. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ನಾರ್ಳಿಕರರು ಬರೆದ ಮೊದಲ ವಿಜ್ಞಾನ ಕಥೆಯ ಹೆಸರು ‘ಕೃಷ್ಣ ವಿವರ’. ಆಗಲೇ ಪ್ರಸಿದ್ಧರಾಗಿದ್ದ ಅವರು, ಹೆಸರು ನೋಡಿ ಬಹುಮಾನ ಕೊಡಬಾರದೆಂದು, 1974ರಲ್ಲಿ ಆ ಕಥೆಯನ್ನು ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ಹೆಸರಿನಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಳಿಸಿ ಬಹುಮಾನ ಪಡೆದರು. 2025ರ ಮೇ 20ರಂದು ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಈ ಪ್ರಸಂಗವನ್ನು ಓದಿದೆ. ಅಲ್ಲಿನ ಪರೀಕ್ಷಕರು ಹೆಸರನ್ನು ನೋಡದೆ ಕಥೆಯನ್ನು ನೋಡಿದ್ದರು. ನಾನು ಕಥೆಯ ಬದಲು ಮೂರನೆಯ ಬೆಂಚನ್ನು ನೋಡಿದ್ದೆ.

ಇನ್ನು ಉಳಿದದ್ದು ಎರಡನೆಯ ಗೆರೆ: ‘ಕಾಲ ಎಲ್ಲರಿಗೂ ಒಂದೇ.’ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಐನ್‌ಸ್ಟೈನರ ಸೂತ್ರಗಳನ್ನು ನಾನೂ ಬರೆದು ಉತ್ತೀರ್ಣನಾದವನೇ. ಆದರೆ ಅವು ಪ್ರಶ್ನೆಪತ್ರಿಕೆಗೆ ಸೇರಿದವು, ಮನುಷ್ಯರಿಗೆ ಸೇರಿದವಲ್ಲ ಎಂದೇ ಭಾವಿಸಿದ್ದೆ. ಇಂದು ನಿಮ್ಮೆಲ್ಲರ ಕೈಯಲ್ಲಿರುವ ಮೊಬೈಲು ದಾರಿ ತೋರಿಸುವುದಕ್ಕೆ ಕಾರಣವಾದ ಜಿಪಿಎಸ್ ಉಪಗ್ರಹಗಳಲ್ಲಿ ಗಡಿಯಾರಗಳು ನಮ್ಮ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ತಿದ್ದದಿದ್ದರೆ ದಾರಿಯೇ ತಪ್ಪುತ್ತದೆ. ಗುರುತ್ವದ ಆಳದಲ್ಲಿರುವವನ ಕಾಲ ನಿಧಾನ, ಎತ್ತರದಲ್ಲಿರುವವನ ಕಾಲ ಬೇಗ. ನಾನು ಮೇಲೆ ಹೇಳಿದ ಲಕ್ಷ್ಮಣರೇಖೆಯ ಮೇಲೆ ಸುತ್ತುವ ಆಟಗಾರನಿಗೆ, ವೇಗದ ಪರಿಣಾಮವೂ ಸೇರಿ, ಕಾಲ ಸರಿಯಾಗಿ ಅರ್ಧವಾಗುತ್ತದೆ. ಪ್ರೇಕ್ಷಕನ 18 ನಿಮಿಷ, ಅವನ 9 ನಿಮಿಷ.

ಆದ್ದರಿಂದ ಹುಡುಗನ ಲೆಕ್ಕದಲ್ಲಿ ಒಂದು ದೋಷವಿದ್ದದ್ದು ನಿಜ. ಒಂದು ದಿನ ಸುತ್ತಿದರೆ ಹೊರಗೆ ಎರಡು ದಿನ ಕಳೆದೀತೇ ಹೊರತು ನಲವತ್ತು ವರ್ಷವಲ್ಲ. ನಲವತ್ತು ವರ್ಷ ಬೇಕೆಂದರೆ ಕಾಲ 14,600 ಪಟ್ಟು ನಿಧಾನವಾಗಬೇಕು. ಅದಕ್ಕೆ ದಿಗಂತದ ಅಂಚಿನಲ್ಲಿಯೇ ಎಂಜಿನ್ ಉರಿಸುತ್ತ ತೂಗಾಡಬೇಕು, ಇಲ್ಲವೇ ಆ ಚಲನಚಿತ್ರದಲ್ಲಿರುವಂತೆ ಕುಳಿ ಹೆಚ್ಚುಕಡಿಮೆ ತನ್ನ ಗರಿಷ್ಠ ವೇಗದಲ್ಲಿ ತಿರುಗುತ್ತಿರಬೇಕು. ಆ ಚಿತ್ರಕ್ಕೆ ಲೆಕ್ಕ ಮಾಡಿಕೊಟ್ಟವರು, 2017ರಲ್ಲಿ ನೊಬೆಲ್ ಪಡೆದ ಕಿಪ್ ಥಾರ್ನ್. ಒಂಬತ್ತನೆಯ ತರಗತಿಯ ಹುಡುಗನ ಹತ್ತಿರ ಕಿಪ್ ಥಾರ್ನ್ ಇರಲಿಲ್ಲ, ನಾನಿದ್ದೆ. ಲೆಕ್ಕದ ದೋಷವನ್ನು ತೋರಿಸಿ, ‘ಕಾಲ ನಿಧಾನವಾಗುವುದು ನಿಜ, ಎಷ್ಟೆಂದು ನೋಡೋಣ ಬಾ’ ಎನ್ನಬೇಕಾದದ್ದು ನನ್ನ ಕೆಲಸ.

ಆದರೆ ಆ ಕಥೆಯ ಜೀವ ಲೆಕ್ಕದಲ್ಲಿರಲಿಲ್ಲ. ಫ್ರೆಡರಿಕ್ ಪೋಲ್ ಎಂಬ ಲೇಖಕರ 1977ರ ‘ಗೇಟ್‌ವೇ’ ಕಾದಂಬರಿಯಲ್ಲಿ ನಾಯಕ ಕಪ್ಪುಕುಳಿಯಿಂದ ಪಾರಾಗುತ್ತಾನೆ, ಅವನ ಸಂಗಾತಿಗಳು ಅಲ್ಲಿಯೇ ಉಳಿಯುತ್ತಾರೆ. ಅವನಿಗೆ ವರ್ಷಗಳು ಕಳೆದರೂ ಅವರಿಗೆ ಆ ಕ್ಷಣ ಇನ್ನೂ ಮುಗಿದಿರುವುದಿಲ್ಲ. ಅವನನ್ನು ಕೊರೆಯುವುದು ಅದೇ. ಇಂಥ ಆಟದಲ್ಲಿ ಆಟಗಾರ ಪಣಕ್ಕಿಡುವುದು ತನ್ನ ಪ್ರಾಣವನ್ನು ಮಾತ್ರವಲ್ಲ. ಮನೆಯಲ್ಲಿ ಕಾಯುವವರ ಕಾಲವನ್ನೂ ಅವನು ಪಣಕ್ಕಿಡುತ್ತಾನೆ, ಅವರನ್ನು ಕೇಳದೆಯೇ. ದೊಡ್ಡ ದೊಡ್ಡ ಲೇಖಕರು ಕಂಡ ಈ ಮಾತನ್ನು ನಮ್ಮ ಹುಡುಗ ಪಂಚಮಿಯ ಚೀಲ ಕಟ್ಟಿಟ್ಟುಕೊಂಡು ಕುಳಿತ ಗಂಗವ್ವನಲ್ಲಿ ಕಂಡಿದ್ದ.

ನಾನು ಕಪ್ಪುಕುಳಿಯ ಹತ್ತಿರ ಹೋದವನಲ್ಲ. ಧಾರವಾಡದಿಂದ ಅಕ್ಕನ ಊರು, ಗದಗಿನ ಆಚೆ, ಬಸ್ಸಿನಲ್ಲಿ ಮೂರು ತಾಸಿನ ದಾರಿ. ಅವ್ವ ಇರುವವರೆಗೆ ಪ್ರತಿ ವರ್ಷ ಹೋಗಿ ಕರೆತರುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ, ಶ್ರಾವಣ ಬಂದಾಗಲೆಲ್ಲ, ಒಂದು ವರ್ಷ ಕಿರುಪರೀಕ್ಷೆ, ಒಂದು ವರ್ಷ ತರಬೇತಿ ಶಿಬಿರ, ಒಂದು ವರ್ಷ ಸ್ವಾತಂತ್ರ್ಯ ದಿನಾಚರಣೆಯ ತಯಾರಿ. “ಮುಂದಿನ ವರ್ಷ ಬರ್ತೀನಿ ಅಕ್ಕಾ” ಎಂದು ಫೋನಿನಲ್ಲಿ ಹೇಳುತ್ತಿದ್ದೆ. “ಆತು ತಮ್ಮಾ, ನಿನ್ನ ಸಾಲಿ ಮೊದಲು ನೋಡ್ಕೊ,” ಎನ್ನುತ್ತಿದ್ದಳು. ನನ್ನ ಗಡಿಯಾರದಲ್ಲಿ ಅವು ನಾಲ್ಕೈದು ವರ್ಷಗಳೆನಿಸಿದ್ದವು. ನಿವೃತ್ತಿಯಾದ ಮೇಲೆ ಎಣಿಸಿ ನೋಡಿದರೆ ಹದಿನೇಳಾಗಿದ್ದವು.

ಕಳೆದ ವರ್ಷದ ಪಂಚಮಿಗೆ ಕಾರು ಮಾಡಿಕೊಂಡು ಹೋದೆ. ನಾನು ಬರುತ್ತೇನೆಂದು ತಿಳಿಸಿದ್ದರಿಂದ ಅಕ್ಕ ನಸುಕಿನಲ್ಲಿಯೇ ಎದ್ದು, ಶೇಂಗಾ ಉಂಡಿಯ ಡಬ್ಬಿಯನ್ನು ಚೀಲದಲ್ಲಿಟ್ಟು, ಕಟ್ಟೆಯ ಮೇಲೆ ಕುಳಿತಿದ್ದಳು. ಕಾರಿನಿಂದಿಳಿದವನಿಗೆ ಒಂದು ಗಳಿಗೆ ಅವ್ವನೇ ಕುಳಿತಂತೆ ಕಂಡಿತು. ಸುಳ್ಳು ಹೇಳುವುದಿಲ್ಲ, ಕಥೆ ನೆನಪಾದದ್ದು ಆಗಲೇ. ಮೊಮ್ಮಗನ ಪ್ರಶ್ನೆ ಈ ಸಲ ಅದನ್ನು ಮತ್ತೆ ಕೆದಕಿತು ಅಷ್ಟೇ.

ಧಾರವಾಡದ ಮನೆಯ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿಸಿದ್ದೆ. ಅಕ್ಕ ಹಗ್ಗವನ್ನು ಹಿಡಿದು ನೋಡಿದಳು, ಗಂಟು ಗಟ್ಟಿ ಇದೆಯೆಂದಳು. ಮೊಣಕಾಲು ಮಡಚಲು ಬರುವುದಿಲ್ಲವಾದ್ದರಿಂದ ಏರಲಿಲ್ಲ. ಕುರ್ಚಿ ಹಾಕಿಕೊಂಡು ಕುಳಿತು, “ನೀ ಜೀಕು, ನಾ ನೋಡ್ತೀನಿ,” ಎಂದಳು. ಅರವತ್ತು ದಾಟಿದ ನಾನು ನಾಲ್ಕು ಸಲ ಜೀಕಿದೆ. “ಕೆಳಗ ಬಂದಾಗ ಏಳೋ, ಮ್ಯಾಲಲ್ಲ!” ಎಂದು ಅಲ್ಲಿಂದಲೇ ಗದರಿದಳು.

ಮೊಮ್ಮಗನಿಗೆ ಕೊನೆಗೆ ಉತ್ತರ ಕೊಟ್ಟೆ: ಆಡುತ್ತಾರೆ, ಖಂಡಿತ ಆಡುತ್ತಾರೆ, ಮನುಷ್ಯ ಅಂಚನ್ನು ಕಂಡಲ್ಲಿ ಇಣುಕದೆ ಇರಲಾರ. ಆದರೆ ಹೋಗುವಾಗ, ಎಂದು ಬರುತ್ತೀಯೆಂದು ನಿನ್ನ ಗಡಿಯಾರ ನೋಡಿ ಹೇಳಬೇಡ, ಕಾಯುವವರ ಗಡಿಯಾರ ನೋಡಿ ಹೇಳು.

ಇನ್ನು ಕಿಟಕಿಯ ಪಕ್ಕದ ಮೂರನೆಯ ಬೆಂಚಿನವನೇ, ನೀನು ಎಸ್‌ಎಸ್‌ಎಲ್‌ಸಿಯ ನಂತರ ಐಟಿಐ ಮುಗಿಸಿ ಪುಣೆಯ ಕಡೆಗೆ ಹೋದೆ ಎಂದಷ್ಟೇ ಕೇಳಿದ್ದೇನೆ. ಈಗ ನಲವತ್ತು ದಾಟಿರುತ್ತೀಯೆ. ಇದು ನಿನ್ನ ಕಣ್ಣಿಗೆ ಬಿದ್ದರೆ ಓದಿಕೋ. ಮೊದಲನೆಯ ಗೆರೆ ನನ್ನ ಅಜ್ಞಾನ, ಎರಡನೆಯದು ನನ್ನ ಅವಸರ, ಮೂರನೆಯದು ನನ್ನ ಕುರುಡು. ಮೂರನ್ನೂ ಹೊಡೆದುಹಾಕಿದ್ದೇನೆ. ನಲವತ್ತು ವರ್ಷದ ಲೆಕ್ಕ ತಪ್ಪಿದ್ದಕ್ಕೆ ಒಂದು ಅಂಕ ಕಳೆದು ಹತ್ತಕ್ಕೆ ಒಂಬತ್ತು. ಆ ಹಾಳೆ ಇನ್ನೂ ನಿನ್ನಲ್ಲಿದ್ದರೆ ಒಂದು ಪ್ರತಿ ಕಳಿಸು. ಮೊಮ್ಮಗನಿಗೆ ಓದಿ ಹೇಳಬೇಕಾಗಿದೆ. ನಿನಗೆ ಅಕ್ಕನೋ ತಂಗಿಯೋ ಇದ್ದರೆ ಈ ಪಂಚಮಿಗೆ ಹೋಗಿ ಕರೆದುಕೊಂಡು ಬಾ.